ಮೆಟ್ಟಿಲ ಬಾಗಿಲಿನ ಬೆಲ್ಲು

ಅಕ್ಕತಂಗಿಯರಿಬ್ಬರೂ ಹತ್ತೊಂಬತ್ತು ವರ್ಷ ಒಂದೇ ಕೋಣೆಯಲ್ಲಿ ಕೂತು ಬಟ್ಟೆ ಹೊಲಿದರು. ಮನೆ ತಂಗಿಯದು, ಮಹಡಿಯ ಮೇಲಿತ್ತು. ಅಕ್ಕ ಬೆಳಿಗ್ಗೆ ಬಸ್ಸಿನಲ್ಲಿ ಬಂದು ಸಂಜೆ ಬಸ್ಸಿನಲ್ಲಿ ಹೋಗುವಳು. ಗಿರಾಕಿಗಳ ಜೊತೆ ಮಾತು, ಫೋನು, ಅಳತೆ ತೆಗೆದು ಪುಸ್ತಕದಲ್ಲಿ ಬರೆಯುವುದು ಇವೆಲ್ಲ ಅಕ್ಕನ ಪಾಲು. ಕತ್ತರಿ ಹಿಡಿಯುವುದು ತಂಗಿಯ ಪಾಲು. ಹೊಲಿಗೆ ಇಬ್ಬರದೂ. ಬೀದಿಯವರು ಅವರನ್ನು ಸೂಜಿ-ದಾರ ಅನ್ನುತ್ತಿದ್ದರು. ಅಕ್ಕ ಸೂಜಿ. ತೆಳ್ಳಗಿದ್ದಳು ಅನ್ನುವುದು ಒಂದು ಕಾರಣ, ಅವಳ ಬಾಯಿ ಇನ್ನೊಂದು.

ಜಗಳ ಆದದ್ದು ಒಂದು ಕೋಟಿನ ತೋಳಿಗೆ. ಕಾಲೇಜಿನ ಪ್ರಿನ್ಸಿಪಾಲರೊಬ್ಬರು ಕೋಟು ಹೊಲಿಸಲು ಕೊಟ್ಟಿದ್ದರು. ಏಣಿಯಂಥ ಆಳು. ಅಕ್ಕ ಅವರ ಕಾಲೇಜಿಗೇ ಹೋಗಿ ಅಳತೆ ತೆಗೆದು ತೋಳು ಇಪ್ಪತ್ತೇಳು ಅಂತ ಬರೆದಳು, ತಂಗಿ ಅದನ್ನು ಇಪ್ಪತ್ತೊಂದು ಅಂತ ಓದಿದಳು. ಕೋಟು ಹಾಕಿಕೊಂಡು ಪ್ರಿನ್ಸಿಪಾಲರು ಕನ್ನಡಿಯ ಮುಂದೆ ನಿಂತಾಗ ಮುಂಗೈಯೆಲ್ಲ ಹೊರಗೇ ಇತ್ತು.

"ನನ್ನನ್ನ ನೋಡಬೇಡಿ ಸಾರ್. ಕತ್ತರಿ ಹಿಡಿದವಳನ್ನ ಕೇಳಿ," ಅಂದಳು ಅಕ್ಕ.

ಹತ್ತೊಂಬತ್ತು ವರ್ಷದಲ್ಲಿ ಗಿರಾಕಿಯ ಎದುರಿಗೆ ಒಬ್ಬರು ಇನ್ನೊಬ್ಬರನ್ನು ಬಿಟ್ಟುಕೊಟ್ಟಿರಲಿಲ್ಲ. ತಂಗಿ ಪ್ರಿನ್ಸಿಪಾಲರು ಮೆಟ್ಟಿಲು ಇಳಿಯುವವರೆಗೆ ತಡೆದಳು. ಆಮೇಲೆ ಅಳತೆ ಪುಸ್ತಕ ಎತ್ತಿ ಅಕ್ಕನ ಮುಂದೆ ಬಿಸಾಕಿದಳು.

"ನಿನ್ನ ಅಕ್ಷರ ನೀನೇ ಓದು. ಏಳು ಯಾವುದು ಒಂದು ಯಾವುದು ಅಂತ ಬರೆದೋಳಿಗೇ ಗೊತ್ತಿಲ್ಲ."

"ಅಷ್ಟುದ್ದದ ಮನುಷ್ಯನಿಗೆ ಇಪ್ಪತ್ತೊಂದು ಇಂಚಿನ ತೋಳಾ ಅಂತ ಯೋಚನೆ ಬರಬಾರದಾ?"

"ಮನುಷ್ಯನ್ನ ನಾನೆಲ್ಲಿ ನೋಡಿದ್ದೆ? ನನಗೆ ಕಾಣೋದು ಬಟ್ಟೆ, ನಿನ್ನ ಕೋಳಿಕಾಲು."

ಮಾತಿಗೆ ಮಾತು ಬೆಳೆಯಿತು. ಹತ್ತೊಂಬತ್ತು ವರ್ಷದ ಹಳೆಯ ಲೆಕ್ಕವೆಲ್ಲ ಹೊರಗೆ ಬಂತು. ಆ ಸಂಜೆ ಅಕ್ಕ ಅಳತೆ ಪುಸ್ತಕ, ಫೋನು ಎರಡನ್ನೂ ಚೀಲಕ್ಕೆ ಹಾಕಿಕೊಂಡು ಹೋದಳು. ಎರಡು ದಿನ ಬಿಟ್ಟು ಅವಳ ಗಂಡ ಫೋನು ಮಾಡಿ ಬಂದು ಮೆಷಿನ್ನೂ ಹೊತ್ತುಕೊಂಡು ಹೋದ. ಅವನು ಬಸ್ ಡ್ರೈವರು, ಸಾಧು ಮನುಷ್ಯ. "ನಾಲ್ಕು ದಿನ ಆದ್ರೆ ಎಲ್ಲ ಸರಿ ಹೋಗುತ್ತೆ ಕಣಮ್ಮ," ಅಂದು ಹೋದ. ನಾಲ್ಕು ದಿನ ಎಂಟು ತಿಂಗಳಾಯಿತು.

ಅಕ್ಕನ ಮೆಷಿನ್ ಇದ್ದ ಜಾಗ ಖಾಲಿ ಬಿದ್ದದ್ದನ್ನು ನೋಡುತ್ತ ಕೂರಲು ತಂಗಿಗೆ ಆಗಲಿಲ್ಲ. ತನ್ನ ಮೆಷಿನ್ನನ್ನು ಹಿಂದಿನ ಕೋಣೆಗೆ ಸಾಗಿಸಿಕೊಂಡಳು. ಅಲ್ಲಿ ಬೆಳಕು ಚೆನ್ನಾಗಿತ್ತು. ಆಸ್ಪತ್ರೆಯೊಂದರ ಸಮವಸ್ತ್ರದ ಕೆಲಸ ವರ್ಷಪೂರ್ತಿ ಇತ್ತು. ಬಟ್ಟೆಯ ಗಂಟು ತರುವ ವ್ಯಾನಿನವನು ಕೆಳಗಿನಿಂದ ಅವಳ ಸ್ವಂತ ಫೋನಿಗೆ ಕರೆ ಮಾಡುತ್ತಿದ್ದ, ಅವಳು ಇಳಿದು ಹೋಗಿ ಬಾಗಿಲು ತೆಗೆಯುತ್ತಿದ್ದಳು. ಕೈಗೆ ಕೆಲಸ ಇತ್ತು. ಆದರೆ ಬೀದಿಯ ಗಿರಾಕಿಗಳು ನಿಂತುಹೋದರು. ಅಂಚು ಮಡಚಿಸುವವರು, ಜಿಪ್ ಹಾಕಿಸುವವರು, ಹೊಸ ಬಟ್ಟೆ ಹೊಲಿಸುವವರು ಯಾರೂ ಇತ್ತ ತಲೆ ಹಾಕಲಿಲ್ಲ.

ಇದು ಯಾರ ಕೆಲಸ ಅಂತ ತಂಗಿಗೆ ಸಂಶಯವೇ ಇರಲಿಲ್ಲ.

"ಪುಸ್ತಕ ಅವಳ ಹತ್ರ, ಫೋನು ಅವಳ ಹತ್ರ, ನಾಲಿಗೆಯಂತೂ ಹುಟ್ಟಿದಾಗಿನಿಂದ ಅವಳ ಹತ್ರಾನೇ ಇದೆ," ಅಂತ ಗಂಡನಿಗೆ ಹೇಳಿದಳು. "ಒಬ್ಬೊಬ್ಬರಿಗೂ ಕರೆ ಮಾಡಿ ನನ್ನ ಮೇಲೆ ಚಾಡಿ ಹೇಳಿದಾಳೆ."

ಗಂಡ ಮುದ್ರಣಾಲಯದಲ್ಲಿ ರಾತ್ರಿ ಪಾಳಿಯವನು. ಬೆಳಿಗ್ಗೆ ಬಂದು ಮಲಗಿದರೆ ಏಳುವುದು ಮಧ್ಯಾಹ್ನ ಕಳೆದ ಮೇಲೆ. ಅವನು ಹೂಂ ಅಂದ. ವಿಚಿತ್ರವೆಂದರೆ ಈ ಎಂಟು ತಿಂಗಳಲ್ಲಿ ಅವನು ಎಂದಿಗಿಂತ ಮೆತ್ತಗಾಗಿದ್ದ. ಎದ್ದ ತಕ್ಷಣ ತಾನೇ ಟೀ ಮಾಡಿ ಅವಳ ಮೆಷಿನ್ನಿನ ಪಕ್ಕಕ್ಕೆ ತಂದಿಡುತ್ತಿದ್ದ. ಮದುವೆಯಾದ ಹೊಸದರಲ್ಲೂ ಹೀಗೆ ಮಾಡಿದವನಲ್ಲ. ಅಕ್ಕ ಹೋದ ನೋವು ತನ್ನ ಮುಖದಲ್ಲಿ ಕಾಣುತ್ತಿರಬೇಕು, ಅದಕ್ಕೇ ಅಂದುಕೊಂಡಳು ತಂಗಿ.

ಬೆಲ್ಲಿನ ವಿಷಯ ಬಂದದ್ದು ಒಂದು ಚೀಟಿಯಿಂದ. ಕಾಜಾ ಮಾಡುವ ಮೆಷಿನ್ನಿಗೆ ಒಂದು ಬಿಡಿಭಾಗ ತರಿಸಿದ್ದಳು. ಕೊರಿಯರಿನವನು ಬಾಗಿಲ ಸಂದಿಯಲ್ಲಿ ಚೀಟಿ ಸಿಕ್ಕಿಸಿ ಹೋಗಿದ್ದ: ಎರಡು ಸಲ ಬಂದೆ, ಯಾರೂ ತೆಗೆಯಲಿಲ್ಲ. ಹಿಂದಿನ ಕೋಣೆಗೆ ಬೆಲ್ಲು ಕೇಳಿಸುತ್ತಿಲ್ಲ ಅಂದುಕೊಂಡಳು. ತಂತಿ ಇಲ್ಲದ ಬೆಲ್ಲುಗಳು ಬಂದಿವೆ, ಗುಂಡಿ ಒಂದು ಕಡೆ ಅಂಟಿಸಿದರೆ ಸದ್ದು ಮಾಡುವ ಡಬ್ಬಿಯನ್ನು ಯಾವ ಕೋಣೆಗೆ ಬೇಕಾದರೂ ಒಯ್ಯಬಹುದು ಅಂತ ಯಾರೋ ಹೇಳಿದ್ದರು. ಅಂಗಡಿಗೆ ಹೋಗಿ ಒಂದು ತಂದಳು. ಮಾರನೆಯ ಬೆಳಿಗ್ಗೆ ಫ್ಯೂಸ್ ಮಾಮನನ್ನು ಕರೆಸಿದಳು.

ಫ್ಯೂಸ್ ಮಾಮ ಆ ಬೀದಿಯ ಎಲೆಕ್ಟ್ರಿಷಿಯನ್. ಏನು ಕೆಟ್ಟರೂ ಮೊದಲ ಮಾತು "ಫ್ಯೂಸ್ ಹೋಗಿರಬೇಕು" ಅನ್ನುತ್ತಿದ್ದರಿಂದ ಆ ಹೆಸರು. ಒಮ್ಮೆ ಅವನ ಅಳಿಯ ಮನೆ ಬಿಟ್ಟು ಹೋದಾಗಲೂ ಹಾಗೇ ಅಂದನಂತೆ. ಅವನು ಹೊಸ ಬೆಲ್ಲಿನ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿದ.

"ಸೂತ್ರ ಇಲ್ಲದ ಗಾಳಿಪಟ ಇದು," ಅಂದ. "ಇರೋ ಬೆಲ್ಲಿಗೆ ಏನಾಗಿದೆ?"

"ಏನೂ ಆಗಿಲ್ಲ ಮಾಮ. ಹಿಂದೆ ಕೂತರೆ ಕೇಳಿಸಲ್ಲ ಅಷ್ಟೆ."

"ಹಾಗಾದ್ರೆ ಒತ್ತಿ ನೋಡೋಣ."

ಅವನು ಕೆಳಗಿಳಿದು ಬೀದಿ ಬಾಗಿಲಿನ ಗುಂಡಿ ಒತ್ತಿದ. ತಂಗಿ ನಡುಮನೆಯಲ್ಲಿ, ಬೆಲ್ಲಿನ ಕೆಳಗೇ ನಿಂತಿದ್ದಳು. ಏನೂ ಕೇಳಿಸಲಿಲ್ಲ.

"ಒತ್ತಿದ್ರಾ?" ಅಂತ ಕೂಗಿದಳು.

"ಬೆರಳು ನೋಯೋ ಹಾಗೆ ಒತ್ತಿದೀನಿ!"

ಅವನು ಮೇಲೆ ಬಂದು ಸ್ಟೂಲ್ ಹತ್ತಿ ಬೆಲ್ಲಿನ ಮುಚ್ಚಳ ತೆಗೆದ. ಗುಂಡಿಯಿಂದ ಬರುವ ತಂತಿಯ ಎರಡು ತುದಿಗಳನ್ನು ಒಂದು ಚೂರು ತಂತಿಯಿಂದ ಸೇರಿಸಿದ ಕೂಡಲೇ ಬೆಲ್ಲು ಕಿಣಿಕಿಣಿ ಹೊಡೆದುಕೊಂಡಿತು. ಒಳಗೆ ಮಲಗಿದ್ದ ಗಂಡ ಏನೋ ಗೊಣಗಿ ಮಗ್ಗುಲು ಬದಲಿಸಿದ.

"ಬೆಲ್ಲು ಗಟ್ಟಿಮುಟ್ಟಾಗಿದೆ. ದಾರೀಲಿ ಎಲ್ಲೋ ತಂತಿ ಸತ್ತಿದೆ."

"ಇರಲಿ ಬಿಡಿ. ಹೇಗೂ ಬದಲಾಯಿಸ್ತಿದೀವಲ್ಲ."

"ಯಾಕೆ ಸತ್ತಿತು ಅಂತ ನೋಡದೆ ಬಿಡೋದು ಹೇಗಮ್ಮ? ನಾಳೆ ಗೋಡೇಲಿ ಇನ್ನೇನೋ ಆದ್ರೆ ಫ್ಯೂಸ್ ಮಾಮ ಸರಿಯಾಗಿ ನೋಡಲಿಲ್ಲ ಅಂತೀರ."

ಮೇನ್ ಸ್ವಿಚ್ ಆರಿಸಿ ಬೆಲ್ಲನ್ನು ಗೋಡೆಯಿಂದ ಬಿಚ್ಚಿದ. ತಂತಿ ಹಿಡಿದು ಎಳೆದ. ಒಂದಿಷ್ಟು ಬಂದು ಎಲ್ಲೋ ಸಿಕ್ಕಿಕೊಂಡಿತು. ಮೆಟ್ಟಿಲ ಗೋಡೆಯನ್ನು ಬೆರಳಿನಿಂದ ತಟ್ಟುತ್ತ ತಟ್ಟುತ್ತ ಇಳಿದು, ಬೀದಿ ಬಾಗಿಲಿನ ಪಕ್ಕದಲ್ಲಿ ತೂಗುಹಾಕಿದ್ದ ಬೋರ್ಡಿನ ಮುಂದೆ ನಿಂತ. 'ಹೊಲಿಗೆ ಮನೆ, ಮಹಡಿಯ ಮೇಲೆ' ಅಂತ ಬರೆದ ಬೋರ್ಡು. ಅದನ್ನು ಕೆಳಗಿಳಿಸಿದ. ಹಿಂದೆ ಎರಡು ಮೊಳೆ. ಎಡಗಡೆಯದು ಹಳೆಯದು, ತುಕ್ಕು ಹಿಡಿದದ್ದು. ಬಲಗಡೆಯದು ಹೊಸದು, ಬೆರಳುದ್ದ. ಅದನ್ನು ಇಕ್ಕಳದಲ್ಲಿ ಹಿಡಿದು ಕಿತ್ತ. ಮೇಲಿನಿಂದ ತಂತಿ ಸಲೀಸಾಗಿ ಜಾರಿ ಬಂತು. ಎರಡು ಎಳೆಯಲ್ಲಿ ಒಂದು ಕತ್ತರಿಸಿ ಹೋಗಿತ್ತು, ತುದಿಯಲ್ಲಿ ಹಸಿರು ಕಿಲುಬು.

"ನೋಡಿ, ಹೇಗೆ ಹಸಿರು ಕಟ್ಟಿದೆ," ಅಂದ. "ಇದು ನಿನ್ನೆ ಮೊನ್ನೆ ಹೋದದ್ದಲ್ಲ. ತಿಂಗಳುಗಟ್ಟಲೆ ಆಗಿದೆ. ತಂತಿ ಹೋಗೋ ದಾರೀಲೇ ಲೆಕ್ಕ ಹಾಕಿ ಹೊಡೆದ ಹಾಗಿದೆ. ಈ ಮೊಳೆ ಹೊಡೆದ ಮಹಾನುಭಾವ ಯಾರು?"

ತಂಗಿ ಬೋರ್ಡನ್ನು ಗೋಡೆಗೆ ಒರಗಿಸಿಟ್ಟಳು. ಮೊಳೆ ಹೊಡೆದವಳು ಅವಳೇ. ಜಗಳದ ಮಾರನೆಯ ಬೆಳಿಗ್ಗೆ, ಹಳೆಯ 'ಅಕ್ಕ-ತಂಗಿ ಹೊಲಿಗೆ ಮನೆ' ಬೋರ್ಡನ್ನು ಇಳಿಸಿ, ಅದರ ಹಿಂಬದಿಗೆ ತಾನೇ ಬಣ್ಣ ಬಳಿದು ಹೊಸದಾಗಿ ಬರೆದು, ಅಲುಗಾಡದಿರಲಿ ಅಂತ ಇನ್ನೊಂದು ಮೊಳೆ ಹೊಡೆದಿದ್ದಳು. ಆ ಹೊತ್ತಿನ ಸಿಟ್ಟಿಗೆ ಚಿಕ್ಕ ಮೊಳೆ ಸಾಕು ಅನ್ನಿಸಿರಲಿಲ್ಲ.

ಮುಂದಿನ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯಿತು. ಮಾಮ ಹಳೆಯ ತಂತಿಯನ್ನು ಸುತ್ತಿ ಕೊಟ್ಟ. ಗೋಡೆಯ ತೂತಿಗೆ ಸಿಮೆಂಟು ಮೆತ್ತಿದ. ಹಳೆಯ ಗುಂಡಿಯ ಜಾಗವನ್ನು ಒರೆಸಿ ಹೊಸ ಗುಂಡಿ ಅಂಟಿಸಿದ. ಸದ್ದಿನ ಡಬ್ಬಿಯನ್ನು ಹಿಂದಿನ ಕೋಣೆಯ ಪ್ಲಗ್ಗಿಗೆ ಸಿಕ್ಕಿಸಿ, ಅದರ ಮೇಲಿನ ಗುಂಡಿಯನ್ನು ದೀಪ ಮಿಟುಕುವ ತನಕ ಒತ್ತಿ ಹಿಡಿದು, "ಈಗ ಕೆಳಗೆ ಹೋಗಿ ಒಂದು ಸಲ ಒತ್ತಿ ಬನ್ನಿ. ಗುಂಡಿಗೂ ಡಬ್ಬಿಗೂ ಪರಿಚಯ ಆಗಬೇಕು," ಅಂದ. ಅವಳು ಹೋಗಿ ಒತ್ತಿ ಬಂದಳು. ಪರಿಚಯ ಆಯಿತು. ಮೂವತ್ತಾರು ರಾಗಗಳಿದ್ದವು. ಮಾಮ ಒಂದೊಂದನ್ನೂ ಕೇಳಿಸಿ ಒಂದೊಂದಕ್ಕೂ ಮುಖ ಸಿಂಡರಿಸಿದ. ಎಲ್ಲಕ್ಕಿಂತ ಚಿಕ್ಕದಾದ ಎರಡು ಸ್ವರದ್ದನ್ನು ಅವಳು ಇಟ್ಟುಕೊಂಡಳು.

ಮಾಮ ಹೋದ ಮೇಲೆ ಅವಳು ಮೆಷಿನ್ನಿಗೆ ಕೂರಲಿಲ್ಲ. ಕೆಳಗಿಳಿದು ವಾಚಿನಂಗಡಿಗೆ ಹೋದಳು. ಅದು ಅವಳ ಬೀದಿ ಬಾಗಿಲಿಗೆ ತಾಗಿಕೊಂಡೇ ಇತ್ತು. ವಾಚ್ ರಿಪೇರಿಯವನು ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಇಡೀ ದಿನ ಬೀದಿಗೆ ಮುಖ ಮಾಡಿ ಕೂತಿರುವವನು. ಮಾತು ಕಡಿಮೆ.

"ಈ ಎಂಟು ತಿಂಗಳಲ್ಲಿ ಯಾರಾದ್ರೂ ನಮ್ಮ ಬಾಗಿಲಿಗೆ ಬರ್ತಿದ್ರಾ?" ಅಂತ ಕೇಳಿದಳು.

"ಬರ್ತಿದ್ರು. ಒತ್ತುತ್ತಿದ್ರು. ಹೋಗ್ತಿದ್ರು."

"ಎಷ್ಟು ಜನ?"

"ಮೊದಮೊದಲು ದಿನಕ್ಕೆ ಇಬ್ಬರು ಮೂವರು. ಆಮೇಲೆ ಕಡಿಮೆಯಾಯ್ತು."

"ನನಗೆ ಒಂದು ಮಾತು ಹೇಳಬಾರದಾಗಿತ್ತಾ?"

ಅವನು ಗಾಜು ತೆಗೆದು ಅವಳನ್ನು ಎರಡೂ ಕಣ್ಣಿನಿಂದ ನೋಡಿದ. "ಸ್ವಂತ ಅಕ್ಕ ಬಂದು ನಿಂತರೂ ತೆಗೆದಿರಲಿಲ್ಲ ನೀವು. ಬೇಕು ಅಂತಾನೇ ತೆಗೀತಿಲ್ಲ ಅಂದ್ಕೊಂಡೆ. ಮನೆ ಜಗಳದಲ್ಲಿ ನಮಗೇನು ಕೆಲಸ?"

"ಅಕ್ಕ ಬಂದಿದ್ಲಾ?"

"ಎರಡು ಸಲ. ಮೊದಲನೇ ಸಲ ನಾಲ್ಕೈದು ಸಾರಿ ಒತ್ತಿ ಹೋದ್ರು. ಎರಡನೇ ಸಲ ಅರ್ಧ ಗಂಟೆ ಇದ್ರು. ಬಿಸಿಲಿತ್ತು, ನಾನೇ ಸ್ಟೂಲ್ ಕೊಟ್ಟೆ. ಮೇಲೆ ಮೆಷಿನ್ ಸದ್ದು ಕೇಳಿಸ್ತಿತ್ತು. 'ಒಳಗೇ ಇದಾಳೆ' ಅಂದ್ರು. ಎದ್ದು ಹೋದ್ರು."

ತಂಗಿ ಮೇಲೆ ಬಂದಾಗ ಗಂಡ ಎದ್ದು ಟೀ ಕಾಯಿಸುತ್ತಿದ್ದ.

"ಏನೇ ಅದು, ಬೆಳಿಗ್ಗೆ ಬೆಲ್ ಹೊಡೀತು?" ಅಂದ. ದನಿಯಲ್ಲಿ ಸಣ್ಣ ದೂರು ಇತ್ತು. "ಮತ್ತೆ ಹಾಕಿಸಿಬಿಟ್ಟೆಯಾ?"

"ಮತ್ತೆ ಅಂದ್ರೆ? ಹೊಡೀತಿಲ್ಲ ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿಲ್ಲದೆ ಏನು? ಎಂಟು ತಿಂಗಳಿಂದ ಕಣ್ತುಂಬ ನಿದ್ದೆ ಮಾಡಿದೀನಿ. ನನಗೋಸ್ಕರ ನೀನೇ ತಂತಿ ತೆಗೆಸಿದೀಯ ಅಂದ್ಕೊಂಡಿದ್ದೆ." ಅವನು ಟೀ ಸೋಸುತ್ತ, ಅವಳ ಕಡೆ ನೋಡದೆ ಸೇರಿಸಿದ: "ಬಾಯಿಬಿಟ್ಟು ಹೇಳಿಕೊಳ್ಳೋಳಲ್ಲ ನೀನು. ನಾನೂ ಕೇಳಲಿಲ್ಲ."

ನಿಜ ಹೇಳಿದರೆ ಎಂಟು ತಿಂಗಳ ಟೀಗೆ ಅರ್ಥ ಇರುತ್ತಿರಲಿಲ್ಲ. ಆದರೂ ಹೇಳಿದಳು. ಅವನು "ಸರಿ, ಆರೋಗುತ್ತೆ, ಕುಡಿ," ಅಂತ ಲೋಟ ಮುಂದಿಟ್ಟ.

ಮಾರನೆಯ ದಿನ ತಂಗಿ ಮೊಳೆಯನ್ನೂ ಮೊಳದುದ್ದದ ತಂತಿಯನ್ನೂ ಒಂದು ಬಟ್ಟೆಯ ಚೂರಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದಳು. ಅಕ್ಕನ ಮನೆ ಬಸ್ ಡಿಪೋದ ಹಿಂದಿನ ಸಾಲಿನಲ್ಲಿತ್ತು. ಬಾಗಿಲು ತೆರೆದೇ ಇತ್ತು. ಅಕ್ಕ ಕಿಟಕಿಯ ಹತ್ತಿರ ಮೆಷಿನ್ ಇಟ್ಟುಕೊಂಡು ಯಾವುದೋ ಲಂಗದ ಅಂಚು ಹೊಲಿಯುತ್ತಿದ್ದಳು. ತಲೆ ಎತ್ತಿದಳು. ಹೊಲಿಗೆ ಸಾಲು ಮುಗಿಸಿ ದಾರ ಕತ್ತರಿಸಿದ ಮೇಲೆ ಮಾತಾಡಿದಳು.

"ಈ ಕಡೆ ಬಸ್ ಬರುತ್ತೆ ಅಂತ ಇವತ್ತು ಗೊತ್ತಾಯ್ತಾ?"

"ಅಕ್ಕ, ನಮ್ಮ ಬೆಲ್ಲು ಕೆಟ್ಟಿತ್ತು."

"ಏನು?"

"ಬೆಲ್ಲು. ಎಂಟು ತಿಂಗಳಿಂದ ಕೆಟ್ಟಿತ್ತು. ನೀನು ಬಂದದ್ದು ನನಗೆ ಗೊತ್ತಾಗಲಿಲ್ಲ."

ಅಕ್ಕ ಮೂಗು ಮುರಿದಳು. "ಎಂಟು ತಿಂಗಳು ಕೂತು ಯೋಚನೆ ಮಾಡಿ ಇದಕ್ಕಿಂತ ಒಳ್ಳೇ ಸುಳ್ಳು ಸಿಗಲಿಲ್ವಾ ನಿನಗೆ?"

ತಂಗಿ ಗಂಟು ಬಿಚ್ಚಿ ಮೆಷಿನ್ನಿನ ಹಲಗೆಯ ಮೇಲಿಟ್ಟಳು. ಅಕ್ಕ ಕನ್ನಡಕ ಏರಿಸಿಕೊಂಡು ತಂತಿಯ ತುದಿಯನ್ನು ಬೆಳಕಿಗೆ ಹಿಡಿದಳು. ಹಳೆಯ ಬಟ್ಟೆಯ ಹೊಲಿಗೆ ಬಿಚ್ಚುವಾಗ ಎಲ್ಲಿ ಸವೆದಿದೆ ಅಂತ ನೋಡುವ ಹಾಗೆ ಬೆರಳಾಡಿಸಿದಳು. ಕಿಲುಬನ್ನು ಉಗುರಿನಿಂದ ಕೆರೆದಳು. ಅವಳ ಹೆಗಲು ಸ್ವಲ್ಪ ಇಳಿಯಿತು.

"ಬಿಸಿಲಲ್ಲಿ ಕೂತಿದ್ದೆ ಕಣೇ," ಅಂದಳು. "ಆ ವಾಚಿನವನ ಎದುರಿಗೆ ಮಾನ ಹೋದ ಹಾಗಾಯ್ತು."

"ಗೊತ್ತು. ಅವರೇ ಹೇಳಿದ್ರು."

"ಯಾವನು ಈ ಮೊಳೆ ಹೊಡೆದದ್ದು?"

"ನಾನೇ."

"ನೀನಾ? ಯಾಕೆ?"

"ಬೋರ್ಡಿಗೆ."

"ಬೋರ್ಡಿಗೆ ಮೊಳೆ ಇತ್ತಲ್ಲ." ಅಕ್ಕನ ಕೈ ನಿಂತಿತು. "ಯಾವ ಬೋರ್ಡಿಗೆ?"

ತಂಗಿ ಹೇಳಿದಳು.

"ಅದೇನೋ ಬದಲಾಗಿತ್ತು. ನಾನು ನೋಡಿದೆ, ನೋಡದ ಹಾಗಿದ್ದೆ," ಅಂದಳು ಅಕ್ಕ. "ಯಾವಾಗ ಹಾಕಿದ್ದು?"

"ಮಾರನೇ ದಿನ."

"ಮಾರನೇ ದಿನವೇ?"

"ಮಾರನೇ ದಿನ ಬೆಳಿಗ್ಗೆ."

ಹೊರಗೆ ಡಿಪೋದಲ್ಲಿ ಯಾರೋ ಎಂಜಿನ್ ಚಾಲು ಮಾಡಿ ನಿಲ್ಲಿಸಿದರು. ಅಕ್ಕ ಮೊಳೆಯನ್ನು ಹಲಗೆಯ ಮೇಲೆ ಹೊರಳಿಸುತ್ತ ಕೂತಳು. ಇದೂ ಸುಳ್ಳು ಅಂತ ಅಕ್ಕ ಅಂದಿದ್ದರೆ ಎಷ್ಟು ಸುಲಭವಾಗುತ್ತಿತ್ತು ಅನ್ನಿಸಿತು ತಂಗಿಗೆ. ಬೆಲ್ಲು ಕೆಟ್ಟಿದ್ದಕ್ಕೆ ಸಾಕ್ಷಿ ಅಂತ ತಂದದ್ದು ಇನ್ನೊಂದಕ್ಕೂ ಸಾಕ್ಷಿಯಾಗಿ ಕೂತಿತ್ತು.

ಕಡೆಗೆ ಅಕ್ಕ ಬಾಯಿ ತೆರೆದಳು. "ನಂದೂ ಒಂದಿದೆ, ಕೇಳು. ಗಿರಾಕಿಗಳು ನನಗೆ ಫೋನ್ ಮಾಡ್ತಿದ್ರು. ಬೆಲ್ ಒತ್ತಿದ್ವಿ, ತೆಗೀಲಿಲ್ಲ ಅಂತ. ಮೊದಲು 'ಇರ್ತಾಳೆ, ಇನ್ನೊಂದು ಸಲ ಒತ್ತಿ' ಅಂದೆ. ಎರಡು ತಿಂಗಳು ಹಾಗೇ ಅಂದೆ. ಆ ಬಿಸಿಲಲ್ಲಿ ಕೂತು ಬಂದ ಮೇಲೆ, 'ಅವಳು ಹೊಲಿಗೆ ನಿಲ್ಲಿಸಿದಾಳೆ, ಇಲ್ಲಿಗೇ ತನ್ನಿ' ಅಂದೆ."

"ಎಲ್ಲರಿಗೂ?"

"ಕೇಳಿದವರಿಗೆಲ್ಲ."

ಎಂಟು ತಿಂಗಳು ತಂಗಿ ಹಗಲೆಲ್ಲ ನಂಬಿಕೊಂಡಿದ್ದ ಮಾತು ಅದೇ. ಬೆಲ್ಲು ಕೆಟ್ಟಿದೆ ಅಂತ ಗೊತ್ತಾದ ಮೇಲೆ, ಸುಮ್ಮನೆ ಅಕ್ಕನ ಮೇಲೆ ಅನುಮಾನಪಟ್ಟೆ ಅಂತ ನಿನ್ನೆಯಿಂದ ಕೊರಗಿದ್ದಳು. ಈಗ ಅದು ಅರ್ಧ ನಿಜವಾಯಿತು. ಸಿಟ್ಟು ಬರಬೇಕಿತ್ತು. ಬಂದದ್ದು ಒಂದು ಬಗೆಯ ಆಯಾಸ. ಅವಳು ಗೋಡೆಗೊರಗಿ ಕೂತಳು.

"ನೀರು ಕೊಡು," ಅಂದಳು.

ಅಕ್ಕ ನೀರು ತಂದುಕೊಟ್ಟಳು. ಇಬ್ಬರೂ ಕ್ಷಮಿಸು ಅನ್ನಲಿಲ್ಲ. ಆ ಮನೆತನದಲ್ಲಿ ಆ ಮಾತಿನ ಬಳಕೆ ಇರಲಿಲ್ಲ. ತಂಗಿ ಹೊರಡುವಾಗ ಅಕ್ಕ ಬಸ್ ಸ್ಟಾಪಿನವರೆಗೆ ಬರಲಿಲ್ಲ, ಬಾಗಿಲಲ್ಲೇ ನಿಂತು, "ಮುಂದಿನ ಬಸ್ಸಿಗೆ ಹೋಗು, ಅದು ಖಾಲಿ ಇರುತ್ತೆ," ಅಂದಳು.

ಮೂರು ವಾರ ಏನೂ ಆಗಲಿಲ್ಲ. ಆದರೆ ಅಕ್ಕ ಫೋನಿನಲ್ಲಿ ಹೇಳುವ ಮಾತು ಬದಲಾಗಿರಬೇಕು, ಯಾಕೆಂದರೆ ಬೀದಿಯವರು ಒಬ್ಬೊಬ್ಬರಾಗಿ ಬರತೊಡಗಿದರು. ಹಿಂದಿನ ಕೋಣೆಯಲ್ಲಿ ಎರಡು ಸ್ವರ ಕೇಳಿಸುತ್ತಿತ್ತು, ತಂಗಿ ಇಳಿದು ಹೋಗಿ ತೆಗೆಯುತ್ತಿದ್ದಳು. ಆ ಸದ್ದಿಗೆ ಗಂಡನ ನಿದ್ದೆ ಕೆಡುತ್ತಿರಲಿಲ್ಲ. ಟೀ ದಿನ ಬಿಟ್ಟು ದಿನ ಬರುತ್ತಿತ್ತು.

ನಾಲ್ಕನೆಯ ವಾರ ಒಂದು ಮಂಗಳವಾರ ಬಾಗಿಲು ತೆಗೆದರೆ ಅಕ್ಕ. ಹಿಂದೆ ಅವಳ ಗಂಡ ಎರಡು ದೊಡ್ಡ ಬಟ್ಟೆಯ ಥಾನು ಹೊತ್ತು ಬೆವರುತ್ತ ನಿಂತಿದ್ದ.

"ಇದೇನೇ ಸದ್ದು? ಮೇಲಿಂದ ಇಲ್ಲೀವರೆಗೂ ಕೇಳಿಸ್ತು. ಐಸ್‌ಕ್ರೀಮ್ ಗಾಡಿ ಬಂದ ಹಾಗಿದೆ," ಅಂತ ಅಕ್ಕ ಉತ್ತರಕ್ಕೆ ಕಾಯದೆ ಮೆಟ್ಟಿಲು ಹತ್ತಿದಳು. "ಬ್ಯಾಂಡ್ ತಂಡದವರದ್ದು. ಮೂವತ್ತೆರಡು ಜಾಕೆಟ್ಟು. ಆಗಲ್ಲ ಅನ್ನೋಕೆ ಬಾಯಿ ಬರಲಿಲ್ಲ, ಒಪ್ಪಿಕೊಂಡುಬಿಟ್ಟೆ. ಕತ್ತರಿಸೋಕೆ ನನ್ನ ಕೈಲಾಗಲ್ಲ ಅಂತ ನಿನಗೇ ಗೊತ್ತು."

"ಎರಡೇ ತಿಂಗಳ ಕೆಲಸ," ಅಂದ ಭಾವ, ಥಾನು ಇಳಿಸುತ್ತ. ಈ ಸಲ ಅವನು ದಿನ ಎಣಿಸುವ ಧೈರ್ಯ ಮಾಡಲಿಲ್ಲ.

ಹಿಂದಿನ ಕೋಣೆಯ ನೆಲದ ಮೇಲೆ ಬಟ್ಟೆ ಹಾಸಿದರು. ಕೆಂಪು ಬಣ್ಣ, ಒರಟು, ಗೀಟು ಎರಡೆರಡು ಸಲ ಎಳೆಯದೆ ಕಾಣದಂಥದು. ಅಕ್ಕ ಪುಸ್ತಕ ಬಿಡಿಸಿದಳು. ತಂಗಿ ಇಣುಕಿ ನೋಡಿದಳು. ಅಂಕಿಗಳ ಜಾಗದಲ್ಲೆಲ್ಲ ಅಕ್ಷರ ಇತ್ತು: ಎದೆ ಮೂವತ್ತೆಂಟು, ತೋಳು ಇಪ್ಪತ್ತನಾಲ್ಕೂವರೆ. ಅಕ್ಕ ಓದಿದಳು, ತಂಗಿ ಅದನ್ನೇ ತಿರುಗಿ ಹೇಳಿದಳು, ಅಕ್ಕ ಹೂಂ ಅಂದ ಮೇಲೆ ಸೀಮೆಸುಣ್ಣದ ಗೆರೆ ಹಾಕಿದಳು. ಮಧ್ಯಾಹ್ನದ ಹೊತ್ತಿಗೆ ಆರು ಜಾಕೆಟ್ಟಿನ ಬೆನ್ನು ಕತ್ತರಿಸಿ ಆಯಿತು.

ಏಳನೆಯದರ ಹೊತ್ತಿಗೆ ಮತ್ತೆ ಜಗಳ ಹತ್ತಿತು. ಕಾಲರಿನ ಒಳಗೆ ಗಡುಸು ಬಟ್ಟೆಯ ಒಂದು ಪದರ ಸಾಕು ಅಂತ ಅಕ್ಕ, ಎರಡು ಬೇಕು ಅಂತ ತಂಗಿ.

"ಬೀದಿ ಸುತ್ತೋರು ಕಣೇ ಅವರು. ಸೆಖೆಗೆ ಕುತ್ತಿಗೆ ಬೆಂದುಹೋಗುತ್ತೆ."

"ಒಂದೇ ಪದರ ಹಾಕಿದ್ರೆ ಎರಡು ಮೆರವಣಿಗೆಗೆ ನಾಯಿಕಿವಿ ಹಾಗೆ ಜೋತು ಬೀಳುತ್ತೆ."

ದನಿ ಏರಿತು. ಒಳಗಿನಿಂದ ತಂಗಿಯ ಗಂಡ ಕೆಮ್ಮಿದ. ಇಬ್ಬರೂ ಒಟ್ಟಿಗೇ ಬಾಯಿ ಮುಚ್ಚಿಕೊಂಡರು. ತಂಗಿ ಒಂದು ಕಾಲರನ್ನು ಒಂದೇ ಪದರದಲ್ಲಿ, ಇನ್ನೊಂದನ್ನು ಎರಡು ಪದರದಲ್ಲಿ ಹೊಲಿದು ಪಕ್ಕಪಕ್ಕ ಇಟ್ಟಳು. ಅಕ್ಕ ಎರಡನ್ನೂ ಕುತ್ತಿಗೆಗೆ ಹಿಡಿದು, ತಲೆ ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿದಳು. ಕೊನೆಗೆ ಎರಡು ಪದರದ್ದನ್ನು ಹಲಗೆಯ ಮೇಲಿಟ್ಟು, ಕುರ್ಚಿ ಎಳೆದುಕೊಂಡು, ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಈ ಕೋಣೆಯಲ್ಲಿ ಎಲ್ಲಿದೆ ಅಂತ ಕೇಳಿದಳು.